ಹಾಸಿಗೆಯಿಂದ ಎಬ್ಬಿಸಿದ ಡಾಕ್ಟರಮ್ಮ

ಲಕ್ವ ಹೊಡೆದವರು ಮಲಗಿಯೇ ಇರಬೇಕು ಎಂಬುದು ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಹುಟ್ಟಿದ ನಂಬಿಕೆ. ‘ಪಾಪ, ಎಬ್ಬಿಸಬೇಡಿ, ಆಯಾಸವಾದೀತು’ ಎನ್ನುತ್ತೇವೆ. ಊಟ, ನೀರು ಎಲ್ಲವೂ ಇದ್ದಲ್ಲಿಗೇ ಬರುತ್ತವೆ. ಇದು ಬರೀ ಹೆಂಗಸರ ಅಂತಃಕರಣದ ಮಾತೆಂದು ತಿಳಿಯಬೇಡಿ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ 1863ರಲ್ಲಿ ವಿಶ್ರಾಂತಿಯ ಮಹಿಮೆಯನ್ನು ಕುರಿತೇ ಒಂದು ದೊಡ್ಡ ಪುಸ್ತಕ ತಂದ. ಅಮೆರಿಕದ ವೈರ್ ಮಿಚೆಲ್ ಎಂಬ ವೈದ್ಯನಂತೂ ಮನಸ್ಸು ಬಳಲಿದ ಹೆಂಗಸರನ್ನು ವಾರಗಟ್ಟಲೆ ಮಲಗಿಸಿ, ಓದು, ಹೊಲಿಗೆ ಎಲ್ಲವನ್ನೂ ಬಿಡಿಸುತ್ತಿದ್ದ. ಆ ಉಪಚಾರದಿಂದ ಹುಚ್ಚು ಹಿಡಿಯುವಷ್ಟು ಬೇಸತ್ತ ಷಾರ್ಲಟ್ ಗಿಲ್‌ಮನ್ 1892ರಲ್ಲಿ ಅದನ್ನೇ ಕತೆ ಮಾಡಿ ಬರೆದಳು.

ನನಗೆ ಹೇಳಬೇಕೆನಿಸಿದ್ದು ಮಾರ್ಜೊರಿ ವಾರೆನ್ ಎಂಬಾಕೆಯ ವಿಷಯ. ಲಂಡನ್ನಿನ ಪಶ್ಚಿಮಕ್ಕಿರುವ ಐಸಲ್‌ವರ್ತ್‌ನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಈಕೆ ಡಾಕ್ಟರು. ಪಕ್ಕದಲ್ಲೇ ನಿರ್ಗತಿಕರ ವಸತಿಗೆ ಸೇರಿದ ಹಳೆಯ ಆಸ್ಪತ್ರೆಯೊಂದಿತ್ತು. 1935ರಲ್ಲಿ ಅದೂ ಈಕೆಯ ಕೊರಳಿಗೆ ಬಿತ್ತು. 714 ಹಾಸಿಗೆಗಳು! ಲಕ್ವ ಹೊಡೆದವರು, ಕೀಲು ಹಿಡಿದವರು, ಬರೀ ಮುಪ್ಪಿನವರು, ಎಲ್ಲರೂ ಒಟ್ಟಿಗೆ. ‘ಇವರದು ವಾಸಿಯಾಗದ ರೋಗ’ ಎಂದು ಬರೆದಿಟ್ಟರೆ ಮುಗಿಯಿತು, ಮತ್ತೆ ಯಾರೂ ಪರೀಕ್ಷಿಸುತ್ತಿರಲಿಲ್ಲ.

ವಾರೆನ್ ಒಬ್ಬೊಬ್ಬರನ್ನೂ ಹೊಸದಾಗಿ ಪರೀಕ್ಷಿಸಿದಳು. ಎಷ್ಟೋ ಜನರ ಕೈಕಾಲು ಸೆಟೆದುಕೊಂಡದ್ದು ಲಕ್ವದಿಂದಲ್ಲ, ಮಲಗಿದ್ದರಿಂದ! ಗೋಡೆಗಳಿಗೆ ತಿಳಿಬಣ್ಣ ಹೊಡೆಸಿದಳು, ಬೆಳಕು ತರಿಸಿದಳು, ಹಿಡಿದು ನಡೆಯಲು ಕಂಬಿ ಹಾಕಿಸಿದಳು. ಹೊಸ ಮನೆಗೆ ಬಂದ ಸೊಸೆ ಮೊದಲು ಕಿಟಕಿ ತೆರೆಸುವಂತೆ ಎನ್ನಿಸುತ್ತದೆ ನನಗೆ. ರೋಗಿಗಳನ್ನು ಕೂರಿಸಿ, ನಿಲ್ಲಿಸಿ, ಕೋಲು ಕೊಟ್ಟು ನಡೆಸಿದಳು. ಅನೇಕರು ಮನೆ ಸೇರಿದರು. ಕೊನೆಗೆ 240 ಹಾಸಿಗೆಗಳೇ ಸಾಕಾದವು. ಮುದುಕರ ವೈದ್ಯಶಾಸ್ತ್ರ ಬ್ರಿಟನ್ನಿನಲ್ಲಿ ಬೇರೂರಿದ್ದು ಈ ವಾರ್ಡುಗಳಿಂದ. 1947ರಲ್ಲಿ ರಿಚರ್ಡ್ ಆಷರ್ ಎಂಬ ವೈದ್ಯ ಹಾಸಿಗೆ ಹಿಡಿಯುವುದರ ಅಪಾಯಗಳನ್ನೇ ಪಟ್ಟಿಮಾಡಿ ಲೇಖನ ಬರೆದ: ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಶ್ವಾಸಕೋಶದಲ್ಲಿ ಕಫ ನಿಲ್ಲುವುದು, ಬೆನ್ನಿನ ಹುಣ್ಣು, ಮಾಂಸಖಂಡ ಕರಗುವುದು.

ಇಷ್ಟೆಲ್ಲ ತಿಳಿದ ಮೇಲೂ ಆಸ್ಪತ್ರೆಗಳು ಬದಲಾದವೆ? ಜೂಲಿ ಬರ್ನ್‌ಹಾರ್ಟ್ ಮತ್ತು ಸಂಗಡಿಗರು ಮೆಲ್ಬರ್ನ್‌ನ ಐದು ಲಕ್ವ ವಾರ್ಡುಗಳಲ್ಲಿ ರೋಗಿಗಳ ಹಗಲನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲೇ. ನೂರಕ್ಕೆ 60ರಷ್ಟು ಹೊತ್ತು ಜೊತೆಗೆ ಒಬ್ಬರೂ ಇಲ್ಲ! ಅಂಕಿಗಳಲ್ಲಿ ನನ್ನನ್ನು ಕಲಕಿದ್ದು ಈ ಎರಡನೆಯದು.

ಹಾಗಾದರೆ ಮೊದಲ ದಿನವೇ ಎಬ್ಬಿಸಿ ಓಡಾಡಿಸಿಬಿಡೋಣವೇ? ಅವರೂ ಹಾಗೇ ಯೋಚಿಸಿ 2,104 ರೋಗಿಗಳಲ್ಲಿ ಪ್ರಯೋಗ ಮಾಡಿದರು. 2015ರಲ್ಲಿ ಬಂದ ಉತ್ತರ ಅವರಿಗೇ ಅನಿರೀಕ್ಷಿತ. ಇಪ್ಪತ್ತನಾಲ್ಕು ಗಂಟೆಯೊಳಗೆ ಎಬ್ಬಿಸಿ ಹೆಚ್ಚು ಹೆಚ್ಚು ನಡೆಸಿದವರಲ್ಲಿ ಮೂರು ತಿಂಗಳಿಗೆ ಚೆನ್ನಾಗಿದ್ದವರು ನೂರಕ್ಕೆ 46. ವಾಡಿಕೆಯ ಉಪಚಾರದವರಲ್ಲಿ 50. ವಾಡಿಕೆಯವರನ್ನೂ ಬಹಳ ತಡಮಾಡದೆ ಎಬ್ಬಿಸಿದ್ದರು, ಆದರೆ ಅಷ್ಟೊಂದು ದಣಿಸಿರಲಿಲ್ಲ. ಅಂಕಿಗಳನ್ನು ಮತ್ತೆ ಕೆದಕಿ ನೋಡಿದಾಗ, ಒಮ್ಮೆಗೇ ಬಹಳ ಹೊತ್ತಿಗಿಂತ ಸ್ವಲ್ಪಸ್ವಲ್ಪ ಹೊತ್ತು, ಹಲವು ಸಲ ಎಬ್ಬಿಸಿದ್ದೇ ಒಳ್ಳೆಯದೆಂದು ಕಂಡಿತು. ಎಂದಿನಿಂದ ಎಬ್ಬಿಸಬೇಕು, ಎಷ್ಟು ಎಂಬುದನ್ನು ಡಾಕ್ಟರರೇ ಹೇಳಬೇಕು.

ಇನ್ನು ಕುರ್ಚಿ. ಹಾಸಿಗೆಯಿಂದ ಎತ್ತಿ ಬೆಳಗಿನಿಂದ ಸಂಜೆಯವರೆಗೆ ಟಿವಿಯ ಮುಂದೆ ಕೂರಿಸಿದರೆ ಅದು ಇನ್ನೊಂದು ಹಾಸಿಗೆಯೇ. ನಮ್ಮ ಓಣಿಯ ಸೊಸೆಯೊಬ್ಬಳು ಅತ್ತೆಗೆ ಕಾಫಿಯನ್ನು ಕುರ್ಚಿಯ ಬಳಿ ಕೊಡುವುದನ್ನೇ ನಿಲ್ಲಿಸಿದಳು. ಅತ್ತೆಯ ಜೊತೆ ಮೆಲ್ಲಗೆ ಹೆಜ್ಜೆಹಾಕಿ ಅಡುಗೆಮನೆಗೆ ಕರೆತಂದು ಅಲ್ಲೇ ಕೊಡುತ್ತಿದ್ದಳು. ‘ಎಂಥ ಕಲ್ಲುಮನಸ್ಸು’ ಎಂದು ನೆಂಟರು ಆಡಿಕೊಂಡರು. ಅತ್ತೆ ಮಾತ್ರ ದಿನಕ್ಕೆ ನಾಲ್ಕು ಸಲ ಕಾಫಿ ಕೇಳತೊಡಗಿದರು.