ಮೇಜಿನ ಮೇಲಿನ ಎರಡು ಗಡಿಯಾರಗಳು



ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು: ಪಾಠ ಆರಂಭಿಸುವ ಮುನ್ನ ಎಚ್‌ಎಂಟಿ ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಡುವುದು ನನ್ನ ರೂಢಿಯಾಗಿತ್ತು. ನಾನು ನಿವೃತ್ತನಾದ ದಿನ ನೀವು ಪ್ರೀತಿಯಿಂದ ಕೊಟ್ಟದ್ದು ಟೈಟಾನ್. ಇಂದು ಎರಡನ್ನೂ ಎದುರಿಗಿಟ್ಟುಕೊಂಡು, ಹಿಂದೆ ನಾನು ಮಾಡಿದ ಪಾಠವೊಂದನ್ನು ತಿದ್ದಲು ಕುಳಿತಿದ್ದೇನೆ.

1991ರ ಉದಾರೀಕರಣವೇ ಎಚ್‌ಎಂಟಿಗೆ ಮುಳುವಾಯಿತೆಂದು ನಿಮಗೆ ಹೇಳಿಕೊಟ್ಟಿದ್ದೆ. ಆ ಮಾತು ಅರ್ಧಸತ್ಯ.

1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮಷಿನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಕೆಗೆ ತೊಡಗಿತು. ಆಮದಿಗೆ ಕಡಿವಾಣ, ಉತ್ಪಾದನೆಗೆ ಪರವಾನಗಿ. ಅಂದಿನ ಪರಿಸರವೇ ಅದರ ಕೋಟೆಯಾಗಿತ್ತು. ಆದರೆ 1969ರಲ್ಲೇ ಜಪಾನಿನ ಸೀಕೋ ಕಂಪೆನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತ್ತು. ಅದಕ್ಕೆ ದಿನವೂ ಕೀಲಿ ಕೊಡಬೇಕಿರಲಿಲ್ಲ. ಬ್ಯಾಟರಿಯ ಬಲದಿಂದ ಸೆಕೆಂಡಿಗೆ 8,192 ಬಾರಿ ಕಂಪಿಸುವ ಹರಳೇ ಅದರ ಕಾಲಮಾಪಕ.

ಎಚ್‌ಎಂಟಿಗೆ ಈ ವಿದ್ಯೆ ತಿಳಿಯದೇ ಇರಲಿಲ್ಲ. 1980ರ ದಶಕದ ಆರಂಭದಲ್ಲಿಯೇ ಅದು ಕ್ವಾರ್ಟ್ಜ್ ಗಡಿಯಾರ ತಯಾರಿಸಿತ್ತು. ಆದರೂ ನೆಚ್ಚಿಕೊಂಡದ್ದು ಕೀಲಿ ಕೊಡುವ ಗಡಿಯಾರಗಳನ್ನೇ. ಅತ್ತ ಟಾಟಾ ಸಮೂಹವು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮದೊಡನೆ ಸೇರಿ 1984ರಲ್ಲಿ ಟೈಟಾನ್ ಸ್ಥಾಪಿಸಿತು. ಬೆಂಗಳೂರಿಗೆ ಸಮೀಪದ ಹೊಸೂರಿನಲ್ಲಿ ಕಾರ್ಖಾನೆ, ಮುಂದಾಳತ್ವಕ್ಕೆ ಜರ್ಕ್ಸಿಸ್ ದೇಸಾಯಿ. ಅವರು ಆರಿಸಿಕೊಂಡದ್ದು ಕ್ವಾರ್ಟ್ಜನ್ನು. ಮಾರಿದ್ದು ಕೇವಲ ಕಾಲವನ್ನಲ್ಲ, ಅಂದವನ್ನು. ತಮ್ಮದೇ ಮಳಿಗೆಗಳನ್ನು ತೆರೆದು, ಗಡಿಯಾರವನ್ನು ಉಡುಗೊರೆಯ ವಸ್ತುವನ್ನಾಗಿಸಿದರು. 1987ರಲ್ಲಿ ಟೈಟಾನ್ ಮಾರುಕಟ್ಟೆಗೆ ಬಂದಾಗ ಉದಾರೀಕರಣಕ್ಕೆ ಇನ್ನೂ ನಾಲ್ಕು ವರ್ಷವಿತ್ತೆಂಬುದನ್ನು ಗಮನಿಸಿ. ಪರವಾನಗಿಯ ಕಾಲ ಇಬ್ಬರಿಗೂ ಒಂದೇ. ಹಿಡಿದ ದಾರಿ ಬೇರೆ.

ಹಾಗೆಂದು ಸೋತವರನ್ನು ಸೋಮಾರಿಗಳೆನ್ನುವುದು ಇನ್ನೊಂದು ತಪ್ಪು. ಎಚ್‌ಎಂಟಿ ಸಾರ್ವಜನಿಕ ಉದ್ದಿಮೆ. ತುಮಕೂರು, ಶ್ರೀನಗರ, ಹಿಮಾಲಯದ ತಪ್ಪಲಿನ ರಾಣಿಬಾಗ್‌ಗಳಲ್ಲಿ ಕಾರ್ಖಾನೆ ನಡೆಸಿ ಉದ್ಯೋಗ ಒದಗಿಸುವುದೂ, ಜನಸಾಮಾನ್ಯನ ಕೈಗೆ ಗಡಿಯಾರ ಎಟುಕಿಸುವುದೂ ಅದರ ಹೊಣೆಯಾಗಿತ್ತು. ಖಾಸಗಿ ಕಂಪೆನಿಯಂತೆ ಥಟ್ಟನೆ ಮಗ್ಗುಲು ಬದಲಿಸುವ ಸ್ವಾತಂತ್ರ್ಯ ಅದಕ್ಕೆಲ್ಲಿತ್ತು? ಒಡೆತನದ ಸ್ವರೂಪವೂ ಉದ್ಯಮದ ಪರಿಸರವೇ ಅಲ್ಲವೇ? ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಲಾಭನಷ್ಟದ ಲೆಕ್ಕದಲ್ಲಿ ಅದು ಸೋಲು. ಒಂದು ತಲೆಮಾರಿಗೆ ಸಮಯಪ್ರಜ್ಞೆ ಕಲಿಸಿದ್ದನ್ನು ಯಾವ ಲೆಕ್ಕದಲ್ಲಿ ಬರೆಯೋಣ?

ನಿಮ್ಮಲ್ಲಿ ಹಲವರು ಇಂದು ಸ್ವಂತ ಉದ್ಯಮ ನಡೆಸುತ್ತಿದ್ದೀರಿ. ಕೋಟೆ ಗಟ್ಟಿಯಾಗಿರುವಾಗಲೇ ಹೊರಗಿನ ಗಾಳಿಯ ದಿಕ್ಕನ್ನು ನೋಡುತ್ತಿರಿ. ಇದು ತಿದ್ದಿದ ಪಾಠ.

ನೀವು ಕೊಟ್ಟ ಟೈಟಾನ್ ಸರಿಯಾದ ಸಮಯ ತೋರಿಸುತ್ತಿದೆ. ಹಳೆಯದಕ್ಕೆ ಈ ಬೆಳಿಗ್ಗೆಯೂ ಕೀಲಿ ಕೊಟ್ಟಿದ್ದೇನೆ. ದಿನಕ್ಕೆ ಕೆಲವು ನಿಮಿಷ ಹಿಂದೆ ಬೀಳುತ್ತದೆ, ನನ್ನ ಹಾಗೆಯೇ.