ಹತ್ತು ಸಾವಿರಕ್ಕೆ ಎಂಟು

“ಹಾರ್ಮೋನ್ ಮಾತ್ರೆ ತಗೊಂಡ್ರೆ ಸ್ತನ ಕ್ಯಾನ್ಸರ್ ಬರುತ್ತಂತೆ, ಹೌದೇನ್ರೀ?” ಮುಟ್ಟು ನಿಲ್ಲುವ ವಯಸ್ಸಿಗೆ ಬಂದ ನಮ್ಮ ವೇದಿಕೆಯ ಅಕ್ಕಂದಿರು ಆಗಾಗ ನನ್ನನ್ನು ಕೇಳುವ ಪ್ರಶ್ನೆ ಇದು. ನಾನು ಡಾಕ್ಟರಲ್ಲ. ಎಂ.ಟೆಕ್ ಓದಿ ಹಿಂಜವಡಿಯ ಐಟಿ ಕಂಪನಿಯಲ್ಲಿ ಡೇಟಾ ನೋಡುವವಳು. ಆದರೆ ಈ ಭಯದ ಹಿಂದೆ ಒಂದು ಅಂಕಿಯ ಕಥೆ ಇದೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

1942ರಲ್ಲಿ ಅಮೆರಿಕದಲ್ಲಿ ಪ್ರೆಮರಿನ್ ಮಾತ್ರೆ ಬಂತು. ಅದು ಗಬ್ಬವಾದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯರು ‘ಫೆಮಿನೈನ್ ಫಾರೆವರ್’ ಎಂಬ ಪುಸ್ತಕದಲ್ಲಿ ಮುಟ್ಟು ನಿಲ್ಲುವುದನ್ನೇ ಕಾಯಿಲೆ ಎಂದರು, ಮಾತ್ರೆಯಿಂದ ಹೆಣ್ತನ ಉಳಿಯುತ್ತದೆ ಎಂದರು. (ಗಂಡಸರಿಗೆ ಇಂಥ ಪುಸ್ತಕ ಯಾರೂ ಬರೆದಂತಿಲ್ಲ!) 1975ರಲ್ಲಿ ಬರಿಯ ಈಸ್ಟ್ರೋಜನ್‌ನಿಂದ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುವುದು ಗೊತ್ತಾಯಿತು. ಗರ್ಭಕೋಶ ಇರುವವರಿಗೆ ಪ್ರೊಜೆಸ್ಟಿನ್ ಸೇರಿಸಿ ಕೊಡುವ ರೂಢಿ ಬಂತು.

ಜುಲೈ 2002ರಲ್ಲಿ ಎಲ್ಲ ತಲೆಕೆಳಗಾಯಿತು. 16,608 ಮಹಿಳೆಯರಿಗೆ ಈ ಎರಡನ್ನೂ ಸೇರಿಸಿದ ಮಾತ್ರೆಯ ಪರೀಕ್ಷೆ ನಡೆಸುತ್ತಿದ್ದ ಅಮೆರಿಕದ ಡಬ್ಲ್ಯುಎಚ್‌ಐ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಶೇ. 26 ಹೆಚ್ಚು! ಜಗತ್ತಿನಾದ್ಯಂತ ಹೆಂಗಸರು ಮಾತ್ರೆ ಬಿಟ್ಟರು. ಅದೇ ಅಂಕಿಯನ್ನು ಇನ್ನೊಂದು ರೀತಿ ಓದಿ: ಹತ್ತು ಸಾವಿರ ಮಂದಿಯಲ್ಲಿ ವರ್ಷಕ್ಕೆ 30 ಇದ್ದದ್ದು 38 ಆಯಿತು. ಎರಡೂ ನಿಜವೇ. ಅವರ ಸರಾಸರಿ ವಯಸ್ಸು 63 ಎಂಬುದು ಮಾತ್ರ ಸುದ್ದಿಯಾಗಲಿಲ್ಲ.

ಹಾಗೆಂದು ಭಯ ಸುಳ್ಳಲ್ಲ. 2019ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಲೆಕ್ಕದಂತೆ, ಐವತ್ತರಿಂದ ಐದು ವರ್ಷ ದಿನವೂ ಎರಡೂ ಹಾರ್ಮೋನ್ ತೆಗೆದುಕೊಂಡರೆ ಮುಂದಿನ 20 ವರ್ಷಗಳಲ್ಲಿ 50 ಜನರಿಗೆ ಒಬ್ಬರಂತೆ ಹೆಚ್ಚುವರಿ ಸ್ತನ ಕ್ಯಾನ್ಸರ್. ಬರಿಯ ಈಸ್ಟ್ರೋಜನ್ ಆದರೆ 200 ಜನರಿಗೆ ಒಬ್ಬರು.

ನನ್ನನ್ನು ಕಾಡುವುದು ಬೇರೆಯವರು. 2015ರ ಹೊತ್ತಿಗೆ ಕಲಬುರಗಿಯ ತಾಂಡಾಗಳಲ್ಲಿ ಎಷ್ಟೋ ಲಂಬಾಣಿ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದದ್ದು ಬಯಲಾಯಿತು. 2019ರಲ್ಲಿ ಮಹಾರಾಷ್ಟ್ರದ ಸಮಿತಿಯೊಂದು ಬೀಡ್ ಜಿಲ್ಲೆಯ 82,309 ಕಬ್ಬು ಕಡಿಯುವ ಮಹಿಳೆಯರ ಸಮೀಕ್ಷೆ ಮಾಡಿದಾಗ 13,861 ಮಂದಿಗೆ ಗರ್ಭಕೋಶ ಇರಲಿಲ್ಲ. ಅವರು ದುಡಿಯಲು ಬರುವುದು ನಮ್ಮ ಪಶ್ಚಿಮ ಮಹಾರಾಷ್ಟ್ರದ, ಕರ್ನಾಟಕದ ಕಬ್ಬಿನ ಗದ್ದೆಗಳಿಗೇ. ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದರೆ ಮೂವತ್ತರಲ್ಲೇ ಮುಟ್ಟು ನಿಂತ ದೇಹ. ಮೂಳೆ, ಹೃದಯ ಎರಡಕ್ಕೂ ಕುತ್ತು. ಇಂಥವರಿಗೆ, ಸ್ತನ ಕ್ಯಾನ್ಸರ್‌ನಂಥ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡಬೇಕೆಂದೇ ವೈದ್ಯಶಾಸ್ತ್ರ ಹೇಳುತ್ತದೆ. 63ರವರ ಅಂಕಿ ತೋರಿಸಿ 35ರವಳನ್ನು ಹೆದರಿಸುವುದು ಯಾವ ಲೆಕ್ಕ?

ಅಕ್ಕಂದಿರೇ, ಐವತ್ತರ ಆಸುಪಾಸಿನಲ್ಲಿ ಮೈ ಬಿಸಿಯೇರಿ ಬೆವರಿ, ನಿದ್ದೆಗೆಟ್ಟು ಒದ್ದಾಡುವವರು ಮನೆತನದಲ್ಲಿ ಸ್ತನ ಕ್ಯಾನ್ಸರ್ ಇತ್ತೇ ಎಂಬುದನ್ನು ಮುಚ್ಚಿಡದೆ ಡಾಕ್ಟರ ಹತ್ತಿರ ಮಾತಾಡಿ, ಮ್ಯಾಮೊಗ್ರಾಮ್ ಬಗ್ಗೆಯೂ ಕೇಳಿ. ಆಪರೇಷನ್ ಆದವರು ಡಿಸ್ಚಾರ್ಜ್ ಕಾಗದ ತೆಗೆದು ಅಂಡಾಶಯ ಉಳಿಸಿದ್ದಾರೋ ಇಲ್ಲವೋ ನೋಡಿ. ಕಲಬುರಗಿ, ವಿಜಯಪುರದಿಂದ ಪುಣೆಗೆ ದುಡಿಯಲು ಬಂದ ಹೆಂಗಸರ ಹತ್ತಿರವೂ ಅಂಥ ಕಾಗದ ಇರಬಹುದು. ಅದು ಇಂಗ್ಲಿಷಿನಲ್ಲಿರುತ್ತದೆ, ಕೂತು ಓದಿ ಹೇಳಿ.