ನಾಣ್ಯಪರೀಕ್ಷೆಯೂ ಪರೀಕ್ಷಕನ ಕಣ್ಣೂ

ಕ್ರಿ.ಶ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಟೀಪೂ ಸುಲ್ತಾನನು 3 ಕೋಟಿ 30 ಲಕ್ಷ ರೂಪಾಯಿಗಳನ್ನು ತೆರಬೇಕಾಯಿತು. ಅರ್ಧ ಒಡನೆಯೇ, ಉಳಿದರ್ಧ ಮೂರು ಕಂತುಗಳಲ್ಲಿ. ವರಹವಾಗಲಿ, ಮೊಹರಾಗಲಿ, ರೂಪಾಯಿಯಾಗಲಿ, ಕೊಡುವ ನಾಣ್ಯವು ಪೂರ್ಣ ತೂಕದ್ದೂ ಪೂರ್ಣ ಮಟ್ಟದ್ದೂ ಆಗಿರತಕ್ಕದ್ದೆಂದು ಕರಾರಿನಲ್ಲಿ ಬರೆಯಲಾಯಿತು. ಹಣ ಸಲ್ಲುವವರೆಗೆ ಒತ್ತೆಯಾಗಿ ಹೋದವರು ಸುಲ್ತಾನನ ಇಬ್ಬರು ಎಳೆಯ ಮಕ್ಕಳು. ಅವರು ಮರಳಿದ್ದು 1794ರಲ್ಲಿ. ‘ಪೂರ್ಣ’ವೆಂದು ನಿರ್ಣಯಿಸುವ ಒರೆಗಲ್ಲಿಗೆ ಎಷ್ಟು ಭಾರವಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಈ ಸೀಮೆಯ ಜನರಿಗೆ ಹೆಸರನ್ನು ಮಾತ್ರ ನಂಬಿ ನಾಣ್ಯವನ್ನು ಒಪ್ಪುವುದು ಎಂದೂ ಸಾಧ್ಯವಿರಲಿಲ್ಲ. ಕಂಠೀರವ ನರಸರಾಜ ಒಡೆಯರು (1638–1659) ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ನರಸಿಂಹನ ರೂಪವುಳ್ಳ ಕಂಠೀರಾಯಿ ಹಣವನ್ನು ಹೊಡೆಯಿಸಿದರು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಅದೇ ಹೆಸರಿನ ಹಣ ಮತ್ತೆ ಅಚ್ಚಾದಾಗ ಹಳೆಯದು ‘ಅಗಲ ಕಂಠೀರಾಯಿ’, ಹೊಸದು ‘ಗಿಡ್ಡ ಕಂಠೀರಾಯಿ’ ಎನಿಸಿತು. ಹತ್ತು ಹಣ ಕೂಡಿದರೆ ಒಂದು ಕಂಠೀರಾಯಿ ವರಹ. ಅದು ಕಡತದಲ್ಲಿ ಮಾತ್ರ ಇದ್ದ ನಾಣ್ಯವೆಂದು 1800ರಲ್ಲಿ ಇಲ್ಲಿ ಸಂಚರಿಸಿದ ಬುಕಾನನ್ ಬರೆದಿದ್ದಾನೆ. ಲೆಕ್ಕದ ವರಹ ಸವೆಯುವುದಿಲ್ಲ, ಕೈಯ ಹಣ ಸವೆಯುತ್ತದೆ. ಇವೆರಡರ ನಡುವಣ ಅಂತರವೇ ಚಿನಿವಾರನ ಜೀವನೋಪಾಯ.

ಪರೀಕ್ಷಕನ ಪಕ್ಷಪಾತವನ್ನು ನಮ್ಮ ಪೂರ್ವಿಕರು ಅರಿಯದವರಲ್ಲ. ಮೈಸೂರಿನಲ್ಲಿ ದೊರೆತ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯ ನೋಡುವ ‘ರೂಪದರ್ಶಕ’ನೆಂಬ ಅಧಿಕಾರಿಯುಂಟು. ಒರೆಗಲ್ಲುಗಳ ವಿಚಾರ ಇನ್ನೂ ಸ್ವಾರಸ್ಯಕರ. ಸಮವಾಗಿ ಬಣ್ಣ ತೋರುವ ಕಲ್ಲು ಕೊಳ್ಳುವವನಿಗೂ ಮಾರುವವನಿಗೂ ಹಿತ. ಆನೆಯ ಚರ್ಮದ ಬಣ್ಣದ, ಹಸುರು ಬೆರೆತ ಕಲ್ಲು ಮಾರುವವನಿಗೆ ಹಿತ. ಗಡುಸಾದ ಒರಟು ಕಲ್ಲು ಕೊಳ್ಳುವವನಿಗೆ ಹಿತ! ಚಿನ್ನವೊಂದೇ, ಕಲ್ಲು ಬೇರೆಯಾದರೆ ಬೆಲೆಯೂ ಬೇರೆ. ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರಗಳನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ತತ್ತ್ವಾರ್ಥಸೂತ್ರವು ತಕ್ಕಡಿ ಹಿಡಿದವರನ್ನು ಬಲ್ಲ ಗ್ರಂಥ. ದೆಹಲಿಯ ಟಂಕಸಾಲೆಯ ಅನುಭವವಿದ್ದ ಜೈನ ಶ್ರಾವಕ ಠಕ್ಕುರ ಫೇರು 1318ರಲ್ಲಿ ‘ದ್ರವ್ಯಪರೀಕ್ಷಾ’ ರಚಿಸಿ ನಾನಾ ನಾಣ್ಯಗಳ ತೂಕವನ್ನೂ ಲೋಹಾಂಶವನ್ನೂ ದಾಖಲಿಸಿದನು. ಅವನು ಬರೆದಿಟ್ಟದ್ದನ್ನು ಮತ್ತೊಬ್ಬನು ತೂಗಿ ನೋಡಬಹುದಾಗಿತ್ತು.

ಇಂದಿನ ಸಂಗ್ರಾಹಕರ ನಾಣ್ಯಪರೀಕ್ಷೆ ಬೇರೊಂದು ಬಗೆಯದು. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಅಲ್ಲಿನ ಹಳೆಯ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಅಂಕಕ್ರಮವನ್ನು ಹೂಡಿದನು. 1986–87ರಿಂದ ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳು ಅಂಕ ನೀಡಿ, ನಾಣ್ಯವನ್ನು ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತಿವೆ. ನಕಲಿ ನಾಣ್ಯದ ಹಾವಳಿಗೆ ಇದರಿಂದ ತಡೆಯಾದುದು ನಿಜ. ಆದರೆ ಕವಚ ಒಡೆದು ಅದೇ ನಾಣ್ಯವನ್ನು ಮತ್ತೆ ಕಳುಹಿಸಿ, ಹೆಚ್ಚಿನ ಅಂಕ ಪಡೆದವರಿದ್ದಾರೆ. ಒಂದಂಕ ಏರಿದರೆ ಬೆಲೆ ಎಷ್ಟೋ ಪಟ್ಟು ಹೆಚ್ಚುವುದುಂಟು. ಲೋಹದ ಶುದ್ಧಿ ಅಳೆದು ತಿಳಿಯುವ ಸಂಗತಿ. ನಾಣ್ಯದ ‘ಸ್ಥಿತಿ’ ಬಹುಮಟ್ಟಿಗೆ ಅಭಿಪ್ರಾಯ, ಅಂಕವಾಗಿ ಬರೆದ ಮಾತ್ರಕ್ಕೆ ಅದು ಅಳತೆಯಾಗದು.

ಟೀಪುವಿನ ಆನೆಯ ಕಾಸನ್ನೇ ನೋಡಬಹುದು. ‘ಪಟನ್’ ಎಂಬ ಟಂಕಸಾಲೆಯ ಹೆಸರುಳ್ಳ ಈ ತಾಮ್ರದ ಕಾಸುಗಳು ಕೈಯಿಂದ ಹೊಡೆದವು. ಅಚ್ಚು ಸರಿದು ಆನೆಯ ಕಾಲು ಅರೆಬರೆ ಮೂಡಿರುವುದುಂಟು. ಒಬ್ಬ ಪರೀಕ್ಷಕನು ಅದನ್ನು ಸವಕಳಿಯೆಂದು ಅಂಕ ಇಳಿಸುತ್ತಾನೆ, ಇನ್ನೊಬ್ಬನು ಹುಟ್ಟಿನಿಂದ ಬಂದ ಕುಂದೆಂದು ಬಿಟ್ಟುಬಿಡುತ್ತಾನೆ. ಒಮ್ಮೆ ಮುಚ್ಚಿದ ಮೇಲೆ, ಕವಚವನ್ನು ಒಡೆಯದೆ ಆ ಕಾಸನ್ನು ತಕ್ಕಡಿಯಲ್ಲಿಟ್ಟು ತೂಗಲು ಸಹ ಬಾರದು.